1993ರ ಭೂಕಂಪಗಳು: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಯಾರದಾದರೂ ವಯಸ್ಸು ಕೇಳಿದರೆ ಹಿರಿಯರು ಇಸವಿ ಹೇಳುವುದಿಲ್ಲ. "ಭೂಕಂಪ ಆದ ವರ್ಷ ಹುಟ್ಟ್ಯಾನ್ರಿ" ಅನ್ನುತ್ತಾರೆ. ಯಾವ ಭೂಕಂಪ ಎಂದು ಮತ್ತೆ ಕೇಳುವವರಿಲ್ಲ. ಆಳಂದ, ಬಸವಕಲ್ಯಾಣ, ಚಿಂಚೋಳಿ, ಕಲಬುರಗಿ, ಎಲ್ಲಿ ಹೋದರೂ ಅದು 1993, ಅದು ಗಡಿಯಾಚೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ.

ನಾನು ಆಳಂದ ತಾಲ್ಲೂಕಿನ ಹಳ್ಳಿಯವನು. ಈಗ ಕಲಬುರಗಿಯಲ್ಲಿ ಮನೆ ಕಟ್ಟಿಸುವ ಕೆಲಸ ಮಾಡುತ್ತೇನೆ. ಪಾಯ ತೋಡುವಾಗ, ಸೆಂಟ್ರಿಂಗ್ ಹೊಡೆಯುವಾಗ, ಹಳೇ ಗೋಡೆ ಬಿಚ್ಚುವಾಗ ಜನ ಭೂಕಂಪದ ಮಾತು ತೆಗೆಯುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1993ರಲ್ಲಿ ಜಗತ್ತಿನಲ್ಲಿ ಎಲ್ಲೆಲ್ಲಿ ದೊಡ್ಡ ಭೂಕಂಪ ಆದವು?

ಜನವರಿ 15ರಂದು ಜಪಾನಿನ ಕುಶಿರೊ ಬಳಿ 7.6ರಷ್ಟು ಪ್ರಮಾಣದ ಭೂಕಂಪ ಆಯಿತು. ಅದು ಹುಟ್ಟಿದ್ದು ನೆಲದಿಂದ ಸುಮಾರು 100 ಕಿ.ಮೀ. ಆಳದಲ್ಲಿ, ಹಾಗಾಗಿ ಸಾವು ಬಹಳ ಕಡಿಮೆ. ಜುಲೈ 12ರ ರಾತ್ರಿ ಅದೇ ಜಪಾನಿನ ಹೊಕ್ಕೈಡೊ ಪಶ್ಚಿಮ ಕಡಲಲ್ಲಿ 7.7ರ ಭೂಕಂಪ ಆಗಿ ಸುನಾಮಿ ಎದ್ದಿತು. ಆಗಸ್ಟ್ 8ರಂದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಬಳಿ 7.8. ಸೆಪ್ಟೆಂಬರ್ 20ರ ರಾತ್ರಿ ಅಮೆರಿಕದ ಒರೆಗಾನ್ ರಾಜ್ಯದ ಕ್ಲಾಮತ್ ಫಾಲ್ಸ್ ಊರಿನ ಹತ್ತಿರ 6ರ ಆಸುಪಾಸಿನ ಎರಡು ಹೊಡೆತ, ಎರಡರ ನಡುವೆ ಕೆಲವೇ ತಾಸಿನ ಅಂತರ. ಅದಾದ ಹತ್ತನೇ ದಿನ, ಸೆಪ್ಟೆಂಬರ್ 30ರ ನಸುಕಿನಲ್ಲಿ, ಕಿಲ್ಲಾರಿ. ಅಕ್ಟೋಬರ್ 13ರಂದು ಪಪುವಾ ನ್ಯೂಗಿನಿಯಲ್ಲಿ 6.9ರ ಭೂಕಂಪಕ್ಕೆ ಗುಡ್ಡಗಳು ಕುಸಿದು ಹತ್ತಾರು ಜನ ಸತ್ತರು.

ಜಗತ್ತಿಗೆ ಅದೇನು ವಿಶೇಷವಾಗಿ ಕೆಟ್ಟ ವರ್ಷವಲ್ಲ. 7ಕ್ಕಿಂತ ದೊಡ್ಡ ಭೂಕಂಪಗಳು ಸರಾಸರಿ ವರ್ಷಕ್ಕೆ ಹದಿನೈದು ಆಗುತ್ತಲೇ ಇರುತ್ತವೆ.

ಹಾಗಾದರೆ ಆ ವರ್ಷದ ಅತಿ ದೊಡ್ಡ ಭೂಕಂಪ ಕಿಲ್ಲಾರಿಯದಲ್ಲವೇ?

ಅಲ್ಲ. ಈ ಉತ್ತರ ಕೇಳಿ ನಂಬದವರೇ ಹೆಚ್ಚು. ಕಿಲ್ಲಾರಿಯ ಪ್ರಮಾಣ 6.2, ಗುವಾಮ್‌ನದು 7.8. ಈ ಅಂಕಿಯನ್ನು ಜೋಳದ ತೂಕದ ಹಾಗೆ ಲೆಕ್ಕ ಹಾಕಬಾರದು. ಒಂದು ಅಂಕಿ ಮೇಲೆ ಹೋದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಗುವಾಮ್ ಭೂಕಂಪದ ಶಕ್ತಿ ಕಿಲ್ಲಾರಿಯ 250 ಪಟ್ಟು.

ಗುವಾಮ್‌ನಲ್ಲಿ ಹೋಟೆಲುಗಳು ಬಿರುಕು ಬಿಟ್ಟವು, ಹಲವರಿಗೆ ಗಾಯವಾಯಿತು, ಒಬ್ಬರೂ ಸಾಯಲಿಲ್ಲ. ಕಿಲ್ಲಾರಿಯಲ್ಲಿ ಮಹಾರಾಷ್ಟ್ರ ಸರ್ಕಾರದ ಲೆಕ್ಕದಂತೆ ಎಂಟು ಸಾವಿರದ ಆಸುಪಾಸು ಜನ ಹೋದರು. ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಪಟ್ಟಿಯಲ್ಲಿ ಆ ಸಂಖ್ಯೆ 9,748. ಗಾಯಗೊಂಡವರು ಸುಮಾರು 30 ಸಾವಿರ.

ಆಗಿನ ಪೇಪರಿನಲ್ಲಿ 6.4 ಎಂದು ಓದಿದ ನೆನಪು. 6.2 ಹೇಗಾಯಿತು?

ಎರಡೂ ಸರಿ, ಅಳತೆಗೋಲು ಬೇರೆ. 6.4 ಎಂಬುದು ನೆಲದ ಮೇಲ್ಮೈಯಲ್ಲಿ ಸಾಗುವ ಅಲೆಗಳಿಂದ ತೆಗೆದದ್ದು. 6.2 ಎಂಬುದು ಒಳಗೆ ಬಂಡೆ ಎಷ್ಟು ಉದ್ದಗಲಕ್ಕೆ ಸೀಳಿ ಎಷ್ಟು ಸರಿಯಿತು ಎಂಬುದರಿಂದ ತೆಗೆದದ್ದು. ಈಗ ಎಲ್ಲೆಡೆ ಬಳಸುವುದು ಎರಡನೆಯದು.

ಗುವಾಮ್‌ನಲ್ಲಿ ಯಾರೂ ಸಾಯಲಿಲ್ಲ, ಕಿಲ್ಲಾರಿಯಲ್ಲಿ ಅಷ್ಟೊಂದು ಜನ ಸತ್ತದ್ದು ಏಕೆ?

ಮೊದಲು ಗುವಾಮ್‌ಗೆ ಸಲ್ಲಬೇಕಾದ ರಿಯಾಯಿತಿ ಕೊಟ್ಟುಬಿಡೋಣ. ಅಲ್ಲಿ ಭೂಕಂಪ ಹುಟ್ಟಿದ್ದು ಸಮುದ್ರದಡಿ, ಸುಮಾರು 60 ಕಿ.ಮೀ. ಆಳದಲ್ಲಿ. ಕಿಲ್ಲಾರಿಯದು ಹೊಲದ ಕೆಳಗೇ, ಹತ್ತು ಕಿ.ಮೀ. ಆಸುಪಾಸಿನಲ್ಲಿ. ಆದರೆ ಅದೇ ಸೆಪ್ಟೆಂಬರಿನ ಕ್ಲಾಮತ್ ಫಾಲ್ಸ್ ನೋಡಿ. ಪ್ರಮಾಣ ಹೆಚ್ಚುಕಡಿಮೆ ಕಿಲ್ಲಾರಿಯಷ್ಟೇ, ಅದೂ ಆಳವಿಲ್ಲದ್ದು, ಅದೂ ರಾತ್ರಿ. ಊರಿನಿಂದ ಸ್ವಲ್ಪ ದೂರ, ಕಾಡಿನ ಕಡೆ ಆಯಿತು, ನಿಜ. ಆದರೂ ಸಾವಿರಕ್ಕೂ ಹೆಚ್ಚು ಕಟ್ಟಡಗಳಿಗೆ ಪೆಟ್ಟಾಯಿತು. ಸತ್ತವರು ಇಬ್ಬರು: ಒಬ್ಬರ ಕಾರಿನ ಮೇಲೆ ಬಂಡೆ ಉರುಳಿತು, ಇನ್ನೊಬ್ಬರಿಗೆ ಹೃದಯಾಘಾತ. ಮನೆ ಬಿದ್ದು ಒಬ್ಬರೂ ಸಾಯಲಿಲ್ಲ. ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಹಗುರ. ಗುವಾಮ್‌ನಲ್ಲಿ ಚಂಡಮಾರುತಕ್ಕೆ ಹೆದರಿ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಕಟ್ಟಿದ್ದರು. ಗಾಳಿಗೆಂದು ಕಟ್ಟಿದ್ದು ಭೂಕಂಪಕ್ಕೂ ಆಯಿತು.

ಇನ್ನು ಕಿಲ್ಲಾರಿಯ ಮನೆ. ಅದನ್ನು ನಮಗೆ ಯಾರೂ ವರ್ಣಿಸಿ ಹೇಳಬೇಕಿಲ್ಲ, ನಾವು ಹುಟ್ಟಿ ಬೆಳೆದ ಮನೆಯೇ ಅದು. ಎರಡು ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಹೊರಗಿನಿಂದ ನೋಡಿದರೆ ಕೋಟೆ. ನಾನು ಇಂಥ ಗೋಡೆಗಳನ್ನು ಬಿಚ್ಚಿಸಿದ್ದೇನೆ, ಅದಕ್ಕೆ ಒಳಗೇನಿದೆ ಎಂದು ಗೊತ್ತು. ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಹೆಂಟೆ, ಚೂರುಗಲ್ಲು, ಮಣ್ಣು. ಎರಡು ಸಾಲನ್ನೂ ಹಿಡಿದಿಡುವ ಉದ್ದ ಕಲ್ಲು ಬಹಳ ಮನೆಗಳಲ್ಲಿ ಇರುವುದೇ ಇಲ್ಲ. ಮೂರು ಕಡೆ ಕೈಯಿಂದ ಕಲ್ಲು ತೆಗೆದರೆ ನಡುವಿನ ಮಣ್ಣು ಜೋಳದ ಕಾಳಿನ ಹಾಗೆ ಸುರಿಯುತ್ತದೆ. ನೆಲ ಅಡ್ಡಡ್ಡ ಅಲ್ಲಾಡಿದಾಗ ಹೊರಗಿನ ಸಾಲು ಹೊರಕ್ಕೆ ಉಬ್ಬುತ್ತದೆ, ಒಳಗಿನದು ಒಳಕ್ಕೆ ಬೀಳುತ್ತದೆ, ತೊಲೆಗೆ ಆಸರೆ ತಪ್ಪುತ್ತದೆ.

ಆಮೇಲೆ ಮಾಳಿಗೆಯ ಮಣ್ಣು. ಹತ್ತಡಿಗೆ ಹನ್ನೆರಡಡಿ ಕೋಣೆ, ಮೇಲೆ ಎರಡಡಿ ಮಣ್ಣು ಎಂದುಕೊಳ್ಳಿ. ಅಷ್ಟು ಮಣ್ಣಿನ ತೂಕ ಹತ್ತು ಟನ್ ಮೀರುತ್ತದೆ. ತುಂಬಿದ ಲಾರಿಯನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ಮಲಗಿದಂತೆ. ಕಲ್ಲಿನ ನಡುವೆ ಒಂದಿಷ್ಟು ಉಸಿರಾಡಲು ಸಂದು ಸಿಗಬಹುದು. ಮಣ್ಣು ಬಿದ್ದರೆ ಆ ಸಂದೂ ತುಂಬಿಬಿಡುತ್ತದೆ.

ಹೊತ್ತೂ ಕೆಟ್ಟದ್ದಾಗಿತ್ತು. ಹಿಂದಿನ ಸಂಜೆ ಗಣಪತಿ ಕಳಿಸಿ, ತಡವಾಗಿ ಮನೆಗೆ ಬಂದು, ದಣಿದು ಮಲಗಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಎಚ್ಚರವಾಗಿ ಓಡಿದವರಿಗೂ ಓಣಿ ಕಿರಿದು, ಎರಡೂ ಬದಿ ಅದೇ ಗೋಡೆ. ಲಾತೂರು ಮತ್ತು ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಗಳ 52 ಹಳ್ಳಿಗಳು ನೆಲಸಮವಾದವು.

ಆ ರಾತ್ರಿ ನಮ್ಮ ಕಡೆ ಏನಾಯಿತು?

ಕಿಲ್ಲಾರಿ ಕಲಬುರಗಿಯಿಂದ ನೇರ ಗೆರೆಯಲ್ಲಿ ನೂರು ಕಿ.ಮೀ. ಒಳಗೇ ಇದೆ. ಆಳಂದ, ಬಸವಕಲ್ಯಾಣಗಳಿಗೆ ಇನ್ನೂ ಹತ್ತಿರ.

ಆಗ ನನಗೆ ಒಂಬತ್ತು ವರ್ಷ. ಕೌದಿಯ ಮೇಲೆ ಮಣ್ಣು ಉದುರಿದ್ದಕ್ಕೆ ಎಚ್ಚರವಾಯಿತು. ಜಂತಿಗಳು ಒಂದಕ್ಕೊಂದು ತಿಕ್ಕಿ ಕಿರುಗುಡುತ್ತಿದ್ದವು. ಗೋಡೆಗೆ ಒರಗಿಸಿದ್ದ ತಾಮ್ರದ ಕೊಡ ಉರುಳಿ, ಕತ್ತಲಲ್ಲಿ ಎಲ್ಲೋ ಹೋಗಿ ತಾಗಿ ನಿಂತಿತು. ಬಾಗಿಲ ಬಳಿ ಕಟ್ಟಿದ್ದ ಎತ್ತುಗಳು ಹಗ್ಗ ಜಗ್ಗುತ್ತಿದ್ದವು. ಮುತ್ಯಾ ಒಬ್ಬರೇ "ಹೊರಗ ನಡೀರಿ, ಹೊರಗ ನಡೀರಿ" ಎಂದು ಕೂಗುತ್ತಿದ್ದರು. ನಾವೆಲ್ಲ ಊರ ಹೊರಗಿನ ಕಣದಲ್ಲಿ ಕೂತು ಬೆಳಗು ಮಾಡಿದೆವು. ನಮ್ಮ ಮನೆಯ ಮೂಲೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು, ಅಷ್ಟೇ.

ಬೆಳಗಾದ ಮೇಲೆ ಗಡಿಯಾಚೆಯ ಉಮರ್ಗಾ ಕಡೆಯಿಂದ ಬಂದವರ ಬಾಯಲ್ಲಿ ಸುದ್ದಿ ತಿಳಿಯಿತು. ಗಡಿಯ ಹಳ್ಳಿಗಳಲ್ಲಿ ಬೀಗರು, ಅಳಿಯಂದಿರು, ಕೊಟ್ಟ ಹೆಣ್ಣುಮಕ್ಕಳು ಆಚೆಗೂ ಈಚೆಗೂ ಇದ್ದಾರೆ. ರಾಜ್ಯದ ಗಡಿ ಕಾಗದದ ಮೇಲೆ ಮಾತ್ರ. ಓಣಿಯ ಒಂದೊಂದು ಮನೆಯಲ್ಲೂ ಅವ್ವಂದಿರು ರೊಟ್ಟಿ ಬಡಿಯತೊಡಗಿದರು. ಬಿಸಿ ರೊಟ್ಟಿ ಗಂಟು ಕಟ್ಟಿ ಟ್ರ್ಯಾಕ್ಟರಿಗೆ ಹಾಕುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆ ಟ್ರ್ಯಾಕ್ಟರಿನಲ್ಲಿ ಹೋದ ನಮ್ಮ ಕಾಕಾ ಮೂರನೇ ದಿನ ಮರಳಿದರು. ಅಲ್ಲಿ ಏನು ನೋಡಿದರೆಂದು ಅವರು ಎಂದೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಜಪಾನಿನಲ್ಲಿ ಸುನಾಮಿ ಎಚ್ಚರಿಕೆ ಕೊಟ್ಟಿದ್ದರಲ್ಲ, ಆದರೂ ಜನ ಸತ್ತದ್ದು ಏಕೆ?

ಎಚ್ಚರಿಕೆ ಐದು ನಿಮಿಷಕ್ಕೆ ಹೊರಟಿತು. ಆದರೆ ಓಕುಶಿರಿ ದ್ವೀಪ ಭೂಕಂಪದ ಜಾಗಕ್ಕೆ ತೀರ ಹತ್ತಿರ. ಅಷ್ಟು ಹೊತ್ತಿಗೆ ಅಲೆ ಬಂದೇಬಿಟ್ಟಿತ್ತು. ಒಂದು ಕಣಿವೆಯಲ್ಲಿ ನೀರು 30 ಮೀಟರಿಗಿಂತ ಎತ್ತರಕ್ಕೆ ಏರಿತು. ಅವೊನಾಯ್ ಎಂಬ ಮೀನುಗಾರರ ಊರನ್ನು ಅಲೆ ಕೊಚ್ಚಿತು, ಉಳಿದದ್ದನ್ನು ಬೆಂಕಿ ಸುಟ್ಟಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 230 ಮಂದಿ.

ಉಳಿದವರಲ್ಲಿ ಬಹಳ ಜನ ರೇಡಿಯೊ ಕೇಳಿ ಉಳಿದವರಲ್ಲ. ಹತ್ತು ವರ್ಷದ ಹಿಂದೆ, 1983ರಲ್ಲಿ, ಅದೇ ಕಡಲಲ್ಲಿ ಸುನಾಮಿ ಬಂದದ್ದು ಅವರ ನೆನಪಿನಲ್ಲಿತ್ತು. ನೆಲ ನಡುಗಿದ ಕೂಡಲೇ, ಯಾರ ಅಪ್ಪಣೆಗೂ ಕಾಯದೆ, ಕತ್ತಲಲ್ಲೇ ಗುಡ್ಡ ಹತ್ತಿದರು.

ಕಿಲ್ಲಾರಿಯಲ್ಲಿ ಮೊದಲೇ ಸೂಚನೆ ಇತ್ತಂತೆ, ಹೌದೇ?

ಕಂಪನಗಳಂತೂ ಆಗಿದ್ದವು. 1992ರ ಆಗಸ್ಟ್‌ನಿಂದ ಕಿಲ್ಲಾರಿ ಸುತ್ತ ನೆಲ ಸಣ್ಣಗೆ ನಡುಗುತ್ತಿತ್ತು. ಆ ಅಕ್ಟೋಬರಿನಲ್ಲಿ ಒಂದು ಸ್ವಲ್ಪ ಜೋರಾಗಿಯೇ ಬಂದು ಮನೆಗಳು ಬಿರುಕು ಬಿಟ್ಟವು. ಜನ ಹೆದರಿ ಹೊರಗೆ ಮಲಗಿದರು. ತಿಂಗಳುಗಳು ಕಳೆದವು, ಮತ್ತೆ ಒಳಗೆ ಬಂದರು.

ಅದನ್ನು ಈಗ ಸೂಚನೆ ಎನ್ನುವುದು ಸುಲಭ. ಸಣ್ಣ ಕಂಪನಗಳ ಸರಣಿ ಬಹಳ ಕಡೆ ಬಂದು, ಏನೂ ಆಗದೆ, ತಾನೇ ತಣ್ಣಗಾಗುತ್ತದೆ. ಯಾವುದು ತಣ್ಣಗಾಗುತ್ತದೆ, ಯಾವುದು ದೊಡ್ಡದಕ್ಕೆ ಪೀಠಿಕೆ ಎಂದು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಕೈಯಲ್ಲೂ ಇಲ್ಲ. ಇಂಥ ದಿನ, ಇಂಥ ಹೊತ್ತಿಗೆ ಭೂಕಂಪ ಎಂದು ಮೊಬೈಲಿನಲ್ಲಿ ಬರುವ ಸಂದೇಶ ಸುಳ್ಳು. ಅದನ್ನು ಮುಂದಕ್ಕೆ ಕಳಿಸಬೇಡಿ.

ಆದರೆ ಬಿರುಕು ಬಿಟ್ಟ ಆ ಮನೆಗಳನ್ನು ಗಟ್ಟಿ ಮಾಡಲು ಹನ್ನೊಂದು ತಿಂಗಳು ಸಮಯ ಸಿಕ್ಕಿತ್ತು. ನನಗೆ ನೋವಾಗುವುದು ಅದಕ್ಕೆ.

ನಮ್ಮದು ಕರಿಕಲ್ಲಿನ ಗಟ್ಟಿ ನೆಲ. ಇಲ್ಲಿ ಭೂಕಂಪ ಹೇಗೆ ಆಗುತ್ತದೆ?

1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾ ನಡುಗುವವರೆಗೆ ವಿಜ್ಞಾನಿಗಳೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದರು. ಭಾರತದ ನೆಲ ಒಟ್ಟಾಗಿ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿದು ಹಿಮಾಲಯದ ಬುಡವನ್ನು ಒತ್ತುತ್ತಿದೆ. ಆ ಒತ್ತಡ ಅಂಚಿನಲ್ಲಿ ಮಾತ್ರ ಇರುವುದಿಲ್ಲ, ಒಳನಾಡಿಗೂ ಹರಡುತ್ತದೆ. ಒಳಗೆ ಎಲ್ಲಾದರೂ ಹಳೇ ಸೀಳಿದ್ದರೆ ಅಲ್ಲಿ ಒಮ್ಮೆ ಜಾರುತ್ತದೆ. ಕಿಲ್ಲಾರಿಯಲ್ಲಿ ಆಮೇಲೆ ಕೊಳವೆ ಕೊರೆದು ನೋಡಿದಾಗ ಕರಿಕಲ್ಲಿನ ಹೊದಿಕೆ ಸುಮಾರು 340 ಮೀಟರ್ ಮಾತ್ರ ಇತ್ತು, ಅದರ ಕೆಳಗೆ ಬಹಳ ಪುರಾತನ ಬಂಡೆ. ಸೀಳು ಇದ್ದದ್ದು ಆ ಕೆಳಗಿನ ಬಂಡೆಯಲ್ಲಿ. ಮೇಲಿನ ಕಲ್ಲು ಎಷ್ಟು ಗಟ್ಟಿ ಎಂಬುದರಿಂದ ಕೆಳಗಿನದು ತಿಳಿಯುವುದಿಲ್ಲ.

ಗಡಿಕೇಶ್ವರದಲ್ಲಿ ನೆಲದೊಳಗಿಂದ ಗುಡುಗುಡು ಸಪ್ಪಳ ಬಂತಲ್ಲ, ಅದೇನು?

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2021ರ ಅಕ್ಟೋಬರಿನಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಜೋರಾದದ್ದು 4ರ ಆಸುಪಾಸು. ಜನ ಮನೆಯೊಳಗೆ ಅಡುಗೆ ಮಾಡಲೂ ಹೆದರಿದರು, ಎಷ್ಟೋ ಕುಟುಂಬಗಳು ಊರು ಬಿಟ್ಟವು.

ಸಪ್ಪಳ ಭ್ರಮೆಯಲ್ಲ. ಆಳವಿಲ್ಲದ ಸಣ್ಣ ಭೂಕಂಪದ ಅಲೆ ಗಟ್ಟಿ ಬಂಡೆಯಲ್ಲಿ ಬೇಗ ಬೇಗ ಕಂಪಿಸುತ್ತಾ ಮೇಲೆ ಬರುತ್ತದೆ. ಆ ಕಂಪನ ಗಾಳಿಗೆ ದಾಟಿದರೆ ಕಿವಿಗೆ ಕೇಳುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೇ ಇದು ಹೆಚ್ಚುವುದಕ್ಕೆ ತಜ್ಞರು ಕೊಟ್ಟ ಕಾರಣ ನೀರು. ಬಂಡೆಯ ಸಂದಿಗೆ ಇಳಿದ ಮಳೆನೀರು ಒಳಗಿನ ಒತ್ತಡ ಏರಿಸಿ, ಹಿಡಿದುಕೊಂಡಿದ್ದ ಸೀಳನ್ನು ಸ್ವಲ್ಪ ಸಡಿಲಿಸುತ್ತದೆ. ಊರಿನವರಿಗೆ ಆಗ "ಸಣ್ಣದು, ಹೆದರಬೇಡಿ" ಎಂದು ಹೇಳಿದವರು ಬಹಳ ಇದ್ದರು. ಕಿಲ್ಲಾರಿ ಕಂಡ ಸೀಮೆಯ ಜನ ಹೆದರದೆ ಇರಲು ಹೇಗೆ ಸಾಧ್ಯ? ಅವರ ಹೆದರಿಕೆಗೆ ಕಾರಣವಿತ್ತು.

ಸೇಡಂ, ಚಿತ್ತಾಪುರ ಕಡೆ ಗಣಿಯ ಬ್ಲಾಸ್ಟಿಂಗ್‌ನಿಂದ ಭೂಕಂಪ ಆಗುತ್ತದೆಯೇ?

ಬ್ಲಾಸ್ಟಿಂಗ್‌ನಿಂದ ಹತ್ತಿರದ ಮನೆ ಅದುರಬಹುದು, ಗಿಲಾವು ಬಿರುಕು ಬಿಡಬಹುದು. ಅದು ಬೇರೆಯೇ ದೂರು, ಅದನ್ನು ಬೇರೆಯಾಗಿಯೇ ಕೊಡಬೇಕು. ಆದರೆ ಗಡಿಕೇಶ್ವರದಂಥ ಸರಣಿಗೆ ಅದನ್ನು ಹೊಣೆ ಮಾಡಲಾಗದು. ಮಾಪಕದಲ್ಲಿ ಸ್ಫೋಟದ ಗೆರೆಯೂ ಭೂಕಂಪದ ಗೆರೆಯೂ ಬೇರೆ ಬೇರೆ ಕಾಣುತ್ತವೆ.

ಕಲಬುರಗಿ ಯಾವ ಭೂಕಂಪ ವಲಯದಲ್ಲಿದೆ?

2002ರ ರಾಷ್ಟ್ರೀಯ ನಕ್ಷೆಯಂತೆ ಕಲಬುರಗಿ ನಗರ 2ನೇ ವಲಯ, ಅಂದರೆ ಅಪಾಯ ಕಡಿಮೆ ಇರುವ ವಲಯ. ಪಕ್ಕದ ಸೊಲ್ಲಾಪುರ, ಧಾರಾಶಿವ, ವಿಜಯಪುರ 3ನೇ ವಲಯ. ಕಿಲ್ಲಾರಿ ಪ್ರದೇಶ ಭೂಕಂಪದ ದಿನದವರೆಗೆ ಎಲ್ಲಕ್ಕಿಂತ ಸುರಕ್ಷಿತವಾದ 1ನೇ ವಲಯದಲ್ಲಿತ್ತು. ಆಮೇಲೆ ನಕ್ಷೆ ತಿದ್ದಿದರು, 1ನೇ ವಲಯ ಎಂಬುದನ್ನೇ ತೆಗೆದುಹಾಕಿದರು. "ನಮ್ಮದು ಎರಡನೇ ವಲಯ ಅದರಿ, ಏನೂ ಆಗಲ್ಲ" ಎಂದು ಯಾರಾದರೂ ಅಂದರೆ ನಾನು ಈ ಸಂಗತಿ ಹೇಳುತ್ತೇನೆ.

ಹಳೇ ಕಲ್ಲಿನ ಮನೆಯನ್ನು ಕೆಡವದೆ ಗಟ್ಟಿ ಮಾಡಬಹುದೇ?

ಮಾಡಬಹುದು. ಪೂರ್ತಿ ಹೊಸ ಮನೆಗಿಂತ ಬಹಳ ಕಡಿಮೆ ಖರ್ಚು. ಕಿಲ್ಲಾರಿಯ ನಂತರ ವಿಶ್ವಬ್ಯಾಂಕ್ ನೆರವಿನಿಂದ ಮಹಾರಾಷ್ಟ್ರ ನಡೆಸಿದ ಪುನರ್ವಸತಿಯಲ್ಲಿ, ಉಳಿದ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸುವ ಕೆಲಸವೂ ಸೇರಿತ್ತು.

ಮೊದಲ ಕೆಲಸ ಎರಡು ಸಾಲು ಕಲ್ಲನ್ನು ಒಂದಕ್ಕೊಂದು ಹೆಣೆಯುವುದು. ಅಲ್ಲಲ್ಲಿ ಒಂದೊಂದು ಕಲ್ಲನ್ನು ಮೆಲ್ಲಗೆ ಬಿಡಿಸಿ, ಗೋಡೆಯ ಆಚೆ ಬದಿಯವರೆಗೆ ತೂತು ಮಾಡಿ, ಅದರಲ್ಲಿ ಕೊಕ್ಕೆ ಬಗ್ಗಿಸಿದ ಕಬ್ಬಿಣ ಇಟ್ಟು ಕಾಂಕ್ರೀಟು ತುಂಬಬೇಕು. ಕೆಲಸ ನಿಧಾನ, ಬಡಿದು ಮಾಡಬಾರದು, ಸುತ್ತಿಗೆ ಜೋರಾದರೆ ಪಕ್ಕದ ಕಲ್ಲೂ ಕೈಗೆ ಬರುತ್ತದೆ. ಎರಡನೆಯದು ಮನೆಯ ಸುತ್ತ, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ, ಸೊಂಟದ ಪಟ್ಟಿಯ ಹಾಗೆ ಕಬ್ಬಿಣದ ಜಾಲರಿ ಹಾಕಿ ಸಿಮೆಂಟ್ ಬಳಿಯುವುದು. ಮೂಲೆಯಲ್ಲಿ ಆ ಪಟ್ಟಿ ತುಂಡಾಗಕೂಡದು. ಮೂರನೆಯದು ಮಾಳಿಗೆಯ ಭಾರ ಇಳಿಸುವುದು. ಇದೊಂದನ್ನಾದರೂ ಮಾಡಿ ಎಂದು ನಾನು ಕೈಮುಗಿದು ಕೇಳುತ್ತೇನೆ, ಏಕೆಂದರೆ ಇದಕ್ಕೆ ಸಿಮೆಂಟೂ ಬೇಡ, ಕಬ್ಬಿಣವೂ ಬೇಡ.

ಹೊಸದಾಗಿ ಕಲ್ಲಿನ ಗೋಡೆ ಕಟ್ಟುವವರು ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕಡಿ ಉದ್ದಕ್ಕೆ ಒಂದರಂತೆ, ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲು ಇಡಿಸಿ. ಶಹಾಬಾದ್ ಕಲ್ಲಿನ ನಾಡಿನಲ್ಲಿ ಉದ್ದ ಕಲ್ಲಿಗೆ ಬರವಿಲ್ಲ.

ನಮ್ಮದು ಆರ್‌ಸಿಸಿ ಮನೆ, ಚಿಂತೆ ಇಲ್ಲವಲ್ಲ?

2001ರ ಜನವರಿ 26ರಂದು ಗುಜರಾತಿನ ಭುಜ್ ಬಳಿ ಭೂಕಂಪವಾದಾಗ, 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಆರ್‌ಸಿಸಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟಿನ, ಕಟ್ಟಡಗಳು ಕುಸಿದವು. ಕೆಳಗೆ ಗೋಡೆಯಿಲ್ಲದೆ ಕಂಬದ ಮೇಲೆ ಪಾರ್ಕಿಂಗ್ ಬಿಟ್ಟ ಕಟ್ಟಡಗಳೇ ಅವುಗಳಲ್ಲಿ ಬಹಳ. ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಈಗ ಅಂಥವೇ ಏಳುತ್ತಿವೆ.

ನೋಡಬೇಕಾದ್ದು ಕಂಬದ ರಿಂಗು, ಅಂದರೆ ಕಂಬದ ಉದ್ದ ಕಬ್ಬಿಣಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆ. ಕಾಂಕ್ರೀಟು ಹಾಕುವ ಮುನ್ನ ನೀವೇ ಹೋಗಿ ಬಗ್ಗಿ ನೋಡಿ. ರಿಂಗಿನ ತುದಿ ಒಳಕ್ಕೆ, ಕಂಬದ ನಡುವಿನ ಕಡೆಗೆ, ಕೊಕ್ಕೆಯ ಹಾಗೆ ಬಗ್ಗಿರಬೇಕು. ಬರೀ ಕಾಟಕೋನದಲ್ಲಿ (ಲಂಬಕೋನದಲ್ಲಿ) ಮಡಿಸಿ ಬಿಟ್ಟರೆ ಕಂಬ ಅಲ್ಲಾಡಿದಾಗ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದದ ಕಬ್ಬಿಣ ಹೊರಕ್ಕೆ ಬಾಗುತ್ತದೆ. ಒಮ್ಮೆ ನಾನು ನೋಡಿಕೊಳ್ಳುತ್ತಿದ್ದ ಕೆಲಸದಲ್ಲೇ ಹದಿನಾಲ್ಕು ಕಂಬಕ್ಕೆ ಹೀಗೆ ಮಡಿಸಿಟ್ಟಿದ್ದರು. ಮಾಲೀಕರು "ಒಂದ್ ದಿನ ಹಾಳಾಗ್ತದ" ಅಂದರು. ಒಂದು ದಿನ ಹಾಳಾಯಿತು, ರಿಂಗು ಎಲ್ಲ ಬದಲಾದವು.

ನೆಲ ನಡುಗಿದರೆ ಓಡಬೇಕೇ, ಒಳಗೇ ಇರಬೇಕೇ?

ಮನೆ ನೋಡಿ ತೀರ್ಮಾನ. ಗಟ್ಟಿ ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿದ್ದರೆ ಮೆಟ್ಟಿಲ ಕಡೆ ಓಡಬೇಡಿ. ಗಟ್ಟಿ ಮೇಜಿನಡಿ ಕೂತು ತಲೆ ಮುಚ್ಚಿಕೊಳ್ಳಿ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮೇಜು ಉಪಯೋಗಕ್ಕೆ ಬಾರದು. ಬಾಗಿಲು ಹತ್ತಿರವಿದ್ದರೆ ಕೂಡಲೇ ಹೊರಬಿದ್ದು, ಓಣಿಯಲ್ಲಿ ನಿಲ್ಲದೆ, ಬಯಲಿಗೆ ಹೋಗಿ. ಅಂಥ ಮನೆಯಲ್ಲಿ ಮುದುಕರನ್ನೂ ಮಕ್ಕಳನ್ನೂ ಬಾಗಿಲ ಹತ್ತಿರ ಮಲಗಿಸಿ, ರಾತ್ರಿ ಬಾಗಿಲಿಗೆ ಅಡ್ಡ ಏನೂ ಇಡಬೇಡಿ.

ಮಾಳಿಗೆಯ ಮಣ್ಣು ತೆಗೆದರೆ ಬೇಸಿಗೆಯಲ್ಲಿ ಒಳಗೆ ಹೇಗೆ ಇರೋದ್ರಿ?

ಇದು ನಮ್ಮ ಸೀಮೆಯ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಮೇ ತಿಂಗಳಲ್ಲಿ 43, 44 ಡಿಗ್ರಿ ಏರುವ ಊರಿನಲ್ಲಿ ತಗಡು ಹಾಕಿಕೊಂಡು ಬದುಕಿ ಎಂದು ಹೇಳುವುದು ಸುಲಭ, ಇರುವವರಿಗೆ ಗೊತ್ತು ಕಷ್ಟ. ಮಣ್ಣು ಪೂರ್ತಿ ತೆಗೆಯಬೇಕಿಲ್ಲ. ಮೊದಲು ಕಟ್ಟುವಾಗ ಯಾರೂ ಎರಡಡಿ ಹಾಕಿರುವುದಿಲ್ಲ. ಮಳೆಗೆ ಸೋರಿತೆಂದು ವರ್ಷವರ್ಷವೂ ಮೇಲೆ ಹೊಸ ಮಣ್ಣು ಹರಡುತ್ತಾ ಹೋಗುತ್ತೇವೆ, ಹಳೆಯದನ್ನು ಇಳಿಸುವುದಿಲ್ಲ. ಅಪ್ಪ ಹಾಕಿದ್ದರ ಮೇಲೆ ಮಗ, ಅದರ ಮೇಲೆ ಮೊಮ್ಮಗ. ಎಲ್ಲವನ್ನೂ ಇಳಿಸಿ, ಹಲಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒಂದು ಗೇಣಿಗಿಂತ ಕಡಿಮೆ ಮಣ್ಣು ಹಾಕಿದರೆ ಸೋರುವುದೂ ನಿಲ್ಲುತ್ತದೆ, ತಂಪೂ ಬಹಳ ಮಟ್ಟಿಗೆ ಉಳಿಯುತ್ತದೆ.

1994ರ ಬೇಸಿಗೆಯಲ್ಲಿ ನಮ್ಮ ಮುತ್ಯಾ ಇದನ್ನೇ ಮಾಡಿಸಿದರು. ಅಪ್ಪ ಮೇಲೆ ಸಲಿಕೆ ಹಿಡಿದಿದ್ದರು, ನಾವು ಮಕ್ಕಳು ಕೆಳಗೆ ಬುಟ್ಟಿ ಹಿಡಿದಿದ್ದೆವು. ಮೂರು ದಿನ ಮಣ್ಣು ಇಳಿಯಿತು. ಎರಡನೇ ದಿನ ಮಧ್ಯಾಹ್ನ, ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹೊರಗೆ ಬಂದು, ತೊಲೆ ಮೇಲಕ್ಕೆ ಎದ್ದದ ನೋಡ್ರಿ ಅಂದಳು. ವರ್ಷಗಳಿಂದ ನಡುವಿನಲ್ಲಿ ಬಾಗಿದ್ದ ಆ ತೊಲೆ ಒಂದು ಬೆರಳಿನಷ್ಟು ನೆಟ್ಟಗಾಗಿತ್ತು. ತೆಗೆದ ಮಣ್ಣು ಮನೆಯ ಹಿಂದಿನ ಹಿತ್ತಲಲ್ಲಿ ನನ್ನ ಎದೆಮಟ್ಟಕ್ಕೆ ಬಿತ್ತು.